ಮಾಸಿದ ಗೆರೆ

ಒದ್ದೆ ಬಟ್ಟೆ ಹಿಂಡಿ ಹೆಂಡತಿಯ ಬೆನ್ನು ಒರೆಸುವಾಗ ಅವನಿಗೆ ಅಂಗಡಿಯ ಮೇಜು ನೆನಪಾಗಬಾರದಿತ್ತು, ಆದರೆ ನೆನಪಾಯಿತು. ಅವಳು ಕಿಟಕಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತಿದ್ದಳು, ಮಂಚದ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು. ಬೆಳಗಿನ ಬಿಸಿಲು ನೇರ ಬೆನ್ನಿಗೇ ಬೀಳುತ್ತಿತ್ತು. ಕತ್ತಿನ ಬುಡದಿಂದ ಸೊಂಟದವರೆಗೆ ಬೆನ್ನುಮೂಳೆಯ ಮೇಲೇ ಇಳಿದ ಉದ್ದನೆಯ ನೇರಳೆ ಗೆರೆ. ನಡುಬೆನ್ನಿನಲ್ಲಿ ಅದನ್ನು ಅಡ್ಡ ಹಾಯುವ ಎರಡು ಗಿಡ್ಡ ಗೆರೆಗಳು, ಒಂದರ ಕೆಳಗೊಂದು, ನಡುವೆ ಬೆರಳಗಲದ ಜಾಗ. ಆಸ್ಪತ್ರೆಯವರು ಬರೆದದ್ದು. ದಿನವೂ ಅವಳನ್ನು ಯಂತ್ರದ ಕೆಳಗೆ ಬೋರಲು ಮಲಗಿಸಿ, ಈ ಗೆರೆಗಳನ್ನು ನೋಡಿಕೊಂಡು ಮೈಯನ್ನು ಸರಿಹೊಂದಿಸಿ, ಆಮೇಲೆ ಕಿರಣ ಬಿಡುತ್ತಿದ್ದರು. ಗೆರೆಗೆ ಸೋಪು ತಾಗಕೂಡದು, ಉಜ್ಜಕೂಡದು. ಆದ್ದರಿಂದ ಅವನು ಗೆರೆಗಳ ಅಕ್ಕಪಕ್ಕ ಮಾತ್ರ, ಗಿರಾಕಿಯ ದುಬಾರಿ ಬಟ್ಟೆಯ ಕಲೆ ತೆಗೆಯುವವನ ಹಾಗೆ ಬೆರಳ ತುದಿಯಲ್ಲಿ ಒರೆಸುತ್ತಿದ್ದ. ಬೇರೆ ಯಾವ ಗಂಡ ಇಷ್ಟು ನಾಜೂಕಾಗಿ ಮಾಡಿಯಾನು ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ.

ಅಡ್ಡ ಗೆರೆಗಳಲ್ಲಿ ಕೆಳಗಿನದು ಗಾಢವಾಗಿತ್ತು. ಮೇಲಿನದು ಮಾಸಿ, ಎಡಗಡೆ ಅರ್ಧಕ್ಕರ್ಧ ಹೋಗಿ, ಬರೀ ನೆರಳು ಉಳಿದಿತ್ತು. ಇಷ್ಟು ವರ್ಷ ಹೆಂಗಸರ ಬಟ್ಟೆ ಕತ್ತರಿಸಿದ ಕಣ್ಣಿಗೆ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಟ ಕೊಟ್ಟಿತು. ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬೇಡವಾದ ಗೆರೆಯ ಮೇಲೆ ಸೀಮೆಸುಣ್ಣದಿಂದ ಎರಡು ಸಣ್ಣ ಗೀಟು ಹಾಕಿ ಅದನ್ನು ರದ್ದು ಮಾಡಬೇಕು. ಗೀಟು ಬೀಳದ ಗೆರೆ ಎಂದರೆ ಕತ್ತರಿ ಹೋಗಬೇಕಾದ ಗೆರೆ. ಅದು ಮಾಸಿದ್ದರೆ ಮೊದಲು ತಿದ್ದಬೇಕು, ಆಮೇಲೆ ಮುಂದಿನ ಕೆಲಸ. ಈ ಪದ್ಧತಿಯನ್ನು ಮಾಡಿದವನು ಅವನೇ. ಅವನ ಅಂಗಡಿಯಲ್ಲಿ ಬಟ್ಟೆ ಕೆಟ್ಟದ್ದಿಲ್ಲ. ಹೆಂಡತಿಯ ಬೆನ್ನಿನ ಮೇಲಿನ ಗೆರೆಗೆ ಗೀಟು ಬಿದ್ದಿರಲಿಲ್ಲ. ಅವನು ಅಂಗಿಯ ಜೇಬಿನಿಂದ ಪೆನ್ನು ತೆಗೆದ. ಗಿರಾಕಿಗಳ ಬಟ್ಟೆಯ ಒಳಮೈಗೆ ಗುರುತು ಹಾಕುವ ಪೆನ್ನು, ಒಗೆದರೂ ಹೋಗುವುದಿಲ್ಲ.

“ಅಲ್ಲಾಡಬೇಡ,” ಎಂದ.

ಪೆನ್ನಿನ ಮೊನೆ ಬೆನ್ನಿನ ಮೇಲೆ ಅರ್ಧ ದಾರಿ ಹೋಗಿತ್ತು. “ಆಯ್ತಾ?” ಎಂದಳು ಅವಳು. ಯಾವಾಗಲೂ ಇದೇ ಅವಸರ ಇವಳದು ಎಂದುಕೊಂಡ.

“ಆಗೋದೇನು, ಈಗ ಶುರು ಮಾಡಿದೀನಿ. ಮೇಲಿನ ಗೆರೆ ಮಾಸಿದೆ. ತಿದ್ತಿದೀನಿ.”

ಕಂಬಿ ಹಿಡಿದ ಅವಳ ಬೆರಳುಗಳು ಸ್ವಲ್ಪ ಸರಿದು ಮತ್ತೆ ಬಿಗಿಯಾದವು. “ಆಸ್ಪತ್ರೆಯವರನ್ನ ಒಂದ್ಮಾತು ಕೇಳ್ಬಹುದಿತ್ತು.”

“ಇರೋ ಗೆರೆ ಮೇಲೇ ಎಳೀತಿರೋದು. ಇದಕ್ಕೂ ಹೋಗಿ ಕೈಕಟ್ಕೊಂಡು ನಿಲ್ಬೇಕಾ?”

“ನನ್ನನ್ನೇ ಕೇಳಿದ್ರೂ ಆಗಿತ್ತು.”

“ನಿನಗೆ ನಿನ್ನ ಬೆನ್ನು ಕಾಣುತ್ತಾ?” ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ. ಗೆರೆ ಎಷ್ಟು ನೇರವಾಗಿ ಬಂದಿತ್ತೆಂದರೆ ಒಂದು ಕ್ಷಣ ಹಿಂದೆ ಸರಿದು ನೋಡಿದ. ಅಂಗಿಯನ್ನು ಮುಂದಿನಿಂದ ತೊಡಿಸಿ ಹಿಂದೆ ಗುಂಡಿ ಹಾಕುವಾಗ ಅವಳ ಕುತ್ತಿಗೆ ಸಣ್ಣಗಾಗಿರುವುದು ಕಂಡು, ಕಾಲರನ್ನು ಒಂದಿಷ್ಟು ಒಳಗೆ ತೆಗೆಯಬೇಕು ಎಂದುಕೊಂಡ.

ಕೇಳುವುದು ಅವನಿಗೆ ಬೇಡವಾಗಿತ್ತು. ಮೊನ್ನೆ ಉದ್ದ ಗೆರೆ ಬೆವರಿಗೆ ಕದಡಿ ಹೋಗಿತ್ತು. ಯಂತ್ರದ ಕೋಣೆಯ ಹೊರಗಿನ ಮೇಜಿನಲ್ಲಿ ಕೂರುವ ಹೆಂಗಸು, ಎಲ್ಲರನ್ನೂ ಒಳಗೆ ಕಳಿಸುವವಳು, ಅವನನ್ನು ಕರೆದು, “ಯಜಮಾನ್ರೇ, ಗೆರೆ ಕಾಪಾಡ್ಕೊಳ್ಳೋದೊಂದೇ ನಿಮಗೆ ಕೊಟ್ಟಿರೋ ಕೆಲಸ. ಅದೂ ಆಗಲ್ವಾ? ಇವರದ್ದೆಲ್ಲ ಈಗ ಮೊದಲಿಂದ ನೋಡ್ಬೇಕು. ಹಿಂದೆ ಎಷ್ಟು ಜನ ಇದಾರೆ ನೋಡಿ,” ಎಂದಿದ್ದಳು. ಬೆಂಚಿನ ಮೇಲಿದ್ದವರೆಲ್ಲ ನೋಡಿದ್ದರು. ತಲೆಗೂದಲಿಲ್ಲದ ಹುಡುಗಿಯೊಬ್ಬಳು ಕೂಡ, ಅಯ್ಯೋ ಪಾಪ ಎನ್ನುವ ಹಾಗೆ. ಅವನ ಕಿವಿ ಕಾದು ಹೋಗಿತ್ತು. ಗೆರೆಯ ವಿಷಯದಲ್ಲಿ ಅವನಿಗೆ ಬುದ್ಧಿ ಹೇಳುವುದೆಂದರೆ! ಕಾರಿಡಾರಿನ ಆ ತುದಿಯ ಕಿಟಕಿಗೆ ಹೋಗಿ, ಹೊರಗೆ ನಿಂತಿದ್ದ ಕಾರುಗಳನ್ನು ನೋಡುತ್ತ, ಹೆಂಡತಿ ಒಳಗಿಂದ ಬರುವವರೆಗೂ ಹಾಗೇ ನಿಂತಿದ್ದ. ಆ ಹೊತ್ತಿನಲ್ಲಿ ಒಳಗೆ ಉದ್ದ ಗೆರೆಯನ್ನು ಹೊಸದಾಗಿ ಬರೆದರು. ಬೇರೇನು ಬರೆದರೋ ಅವನು ನೋಡಲು ಹೋಗಲಿಲ್ಲ.

ಟ್ಯಾಕ್ಸಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತೆರೆದರೆ ಎಲ್ಲ ಎರಡೆರಡು ಕಾಣುತ್ತದೆ, ವಾಂತಿ ಬರುತ್ತದೆ. ಕ್ಯಾನ್ಸರ್ ಮೊದಲು ಎದೆಯಲ್ಲಿ ಬಂದಿತ್ತು, ತೆಗೆಸಿ ಆಗಿತ್ತು, ಮುಗಿಯಿತು ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. ಆಮೇಲೆ ತಲೆನೋವು, ಆಮೇಲೆ ಮೆಟ್ಟಿಲು ಹತ್ತುವಾಗ ಬಲಗಾಲು ಎಡವುವುದು. ಡಾಕ್ಟರಮ್ಮ ಪರದೆಯ ಮೇಲೆ ಬೂದುಬಣ್ಣದ ಚಿತ್ರ ತೋರಿಸಿ, ಮೆದುಳಿನ ಸುತ್ತ, ಬೆನ್ನುಹುರಿಯ ಸುತ್ತ ಒಂದು ಪೊರೆ ಇರುತ್ತೆ, ಅದರೊಳಗಿನ ನೀರಿನಲ್ಲಿ ಸೇರಿಕೊಂಡು ಉದ್ದಕ್ಕೂ ಹರಡಿದೆ ಎಂದರು. ಅವನ ಮುಖ ನೋಡಿ, “ನೀವು ಟೈಲರ್ ಅಲ್ವಾ? ಕೋಟಿನ ಲೈನಿಂಗ್ ಅನ್ಕೊಳಿ,” ಎಂದರು. ಆ ಮಾತಿಗೆ ಅವನು ಉಬ್ಬಿಹೋಗಿದ್ದ. ಅವರು ಹೆಂಡತಿಗೆ ಅವಳ ಸಾವಿನ ಸುದ್ದಿ ಹೇಳುತ್ತಿದ್ದಾಗ ಅವನು, ತನ್ನ ಕಸುಬಿನ ಮಾತು ಬಂತೆಂದು, ಲೈನಿಂಗ್ ಹಾಳಾದರೆ ಕೋಟು ಹೇಗೆ ಜೋಲು ಬೀಳುತ್ತದೆ ಎಂದು ಡಾಕ್ಟರಿಗೆ ವಿವರಿಸಲು ಹೊರಟಿದ್ದ. ಡಾಕ್ಟರಮ್ಮ ಕೇಳಿಸಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ, “ಪೂರ್ತಿ ಗುಣ ಆಗುತ್ತೆ ಅಂತ ನಾನು ಹೇಳಲ್ಲ. ತಲೆನೋವು ಕಮ್ಮಿ ಮಾಡ್ಬಹುದು, ಕಾಲಿನ ಶಕ್ತಿ ಉಳಿಸ್ಬಹುದು, ಸ್ವಲ್ಪ ಕಾಲ ಹಿಡಿದಿಡ್ಬಹುದು,” ಎಂದರು. ಅವಳು, “ಅಷ್ಟು ಸಾಕು,” ಎಂದಳು. ಅಷ್ಟು ಸಾಕು ಎಂದು ಅವಳು ಹೇಳಿದ ರೀತಿಯನ್ನು ಅವನು ಅನೇಕ ಸಲ ನೆನೆದ. ಅಂಗಡಿಯಲ್ಲಿ ಹೆಂಗಸರು ತೋಳಿನ ಉದ್ದಕ್ಕೆ ಹಾಗೆ ಹೇಳುತ್ತಾರೆ.

ಅವಳ ಅಕ್ಕ, ಹೆಡ್‌ಮಿಸ್ ಆಗಿ ನಿವೃತ್ತಳಾದವಳು, ಇಡೀ ಪ್ರಪಂಚವನ್ನೇ ಬೆಂಚಿನ ಮೇಲೆ ನಿಲ್ಲಿಸುವವಳು, ಅವತ್ತೇ ಮನೆಗೆ ಬಂದು, ತಂಗಿಯನ್ನು ತನ್ನ ಮನೆಯಲ್ಲಿಟ್ಟುಕೊಂಡು ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಅವನು ಪಕ್ಕದಲ್ಲೇ ಇದ್ದ. “ದಿನಾ ಊರ ಹೆಂಗಸರ ಅಳತೆ ತಗೊಳ್ಳೋರಿಗೆ ಮನೆ ಹೆಂಗಸಿಂದು ಕಾಣ್ಲಿಲ್ಲ. ಇನ್ನು ಇದನ್ನ ನೋಡ್ಕೋತಾರಾ?” ಎಂದು ಗೋಡೆಗೆ ಹೇಳುವ ಹಾಗೆ ಹೇಳಿದಳು. ಮಾತಾಡಿದವಳು ಹೆಂಡತಿ: “ಬೇಡಕ್ಕ. ಇವರೇ ಇದಾರಲ್ಲ.” ಆ ಒಂದು ಮಾತು ಅವನ ಪಾಲಿಗೆ ಏನಾಯಿತೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಅಂಗಡಿಗೆ ಬೀಗ ಹಾಕಿದ. ಗಿರಾಕಿಗಳು ಬೈದರು, ಬೈಸಿಕೊಂಡ. ಇವರೇ ಇದಾರಲ್ಲ. ಇನ್ನೆಷ್ಟು ಕಾಲವೋ, ಅಷ್ಟೂ ಕಾಲ ಅವಳ ಪಕ್ಕದಲ್ಲಿ ಕೂರುವವನು ತಾನು, ಅಕ್ಕನಲ್ಲ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದು ಅವನು ಹಲ್ಲು ಕಚ್ಚಿ ನಿರ್ಧರಿಸಿದ್ದ. ಅವಳು ಬದುಕುವುದು ತನ್ನ ಕೈಯಲ್ಲಿಲ್ಲ, ಇದಾದರೂ ಇರಲಿ.

ಆದರೆ ಅಕ್ಕ ಹೇಳಿದ್ದು ಸುಳ್ಳಾಗಿದ್ದರೆ ಅವನು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದ. ಹೋದ ವರ್ಷ ಅವಳು ಒಂದು ಬ್ಲೌಸು ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು. ಮನೆಯಲ್ಲೇ ಕೊಡಬಹುದಾಗಿದ್ದದ್ದನ್ನು ಅಷ್ಟು ದೂರ ನಡೆದು ತಂದಿದ್ದಳು. “ಎಡಗಡೆ ಬಿಗಿ ಆಗ್ತಿದೆ, ಸ್ವಲ್ಪ ನೋಡಿ,” ಎಂದಳು. ಅವನು ಯಾವಳದೋ ಬ್ಲೌಸಿಗೆ ತೋಳು ಕೂಡಿಸುತ್ತಿದ್ದ. ತಲೆಯೆತ್ತಿ ಒಮ್ಮೆ ನೋಡಿದ. ಒಮ್ಮೆ ನೋಡಿದರೆ ಸಾಕು ಅವನಿಗೆ, ಟೇಪು ಬೇಕಿಲ್ಲ, ಅದಕ್ಕೇ ಹೆಸರಾದವನು. ಎಡಕ್ಕೆ ಅರ್ಧ ಇಂಚು ಎಂದು ಕಣ್ಣು ಹೇಳಿತು. ವಯಸ್ಸಾದ ಹಾಗೆ ಯಾರ ಮೈಯೂ ಎರಡು ಪಕ್ಕ ಒಂದೇ ಸಮ ಇರುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುವ ಮಾತನ್ನೇ ಅವಳಿಗೂ ಹೇಳಿದ. ಅವಳು ಸ್ವಲ್ಪ ಹೊತ್ತು ಮೇಜಿನ ಆಚೆ ನಿಂತಿದ್ದು ಹೋದಳು. ಅವನು ಪಕ್ಕದ ಹೊಲಿಗೆ ಬಿಚ್ಚಿ, ಸಡಿಲ ಬಿಟ್ಟು, ಇಸ್ತ್ರಿ ಮಾಡಿ, ಸಂಜೆಯೇ ತಂದುಕೊಟ್ಟ. “ಇಷ್ಟು ಬೇಗ?” ಎಂದಳು. “ಮನೆಯವರ ಕೆಲಸ ಅಂದ್ರೆ ತಡ ಮಾಡೋಕಾಗುತ್ತಾ,” ಎಂದು ಅವನು ಬೀಗಿದ. ಎದೆಯೊಳಗೆ ಗಂಟು ಬೆಳೆಯುತ್ತಿತ್ತು, ಅವನು ಅದಕ್ಕೆ ಜಾಗ ಮಾಡಿಕೊಟ್ಟಿದ್ದ. ಆಪರೇಷನ್ ಆದಮೇಲೆ ಅದೇ ಎಡಗಡೆಗೆ ಹತ್ತಿಯ ದಿಂಬು ಇಟ್ಟು ಇನ್ನೊಂದು ಬ್ಲೌಸು ಹೊಲಿದ. ಗೊತ್ತೇ ಆಗುವುದಿಲ್ಲ ಎಂದು ನೆಂಟರ ಹೆಂಗಸರು ಮುಟ್ಟಿ ನೋಡಿ ಮೆಚ್ಚಿದಾಗ ಅವನು ಮುಗುಳ್ನಕ್ಕ. ಅವಳು ಮನೆಗೆ ಬಂದು ಅದನ್ನು ಬಿಚ್ಚಿಟ್ಟವಳು ಮತ್ತೆ ತೊಡಲಿಲ್ಲ. ಅವನು ಯಾಕೆ ಎಂದು ಕೇಳಲಿಲ್ಲ, ಫಿಟಿಂಗ್ ಸರಿ ಇತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲು, ಕಾಫಿ ಯಂತ್ರ, ಜನರ ಬೆವರು. ಕೋಣೆಯ ಬಾಗಿಲಿನ ಮೇಲೆ ಕೆಂಪು ದೀಪ. ಅದು ಹೊತ್ತಿದ್ದರೆ ಒಳಗೆ ಕಿರಣ ನಡೆಯುತ್ತಿದೆ, ಯಾರೂ ಹೋಗುವಂತಿಲ್ಲ. ಯಂತ್ರ ನಡೆಸುವ ಉದ್ದನೆಯ ಮನುಷ್ಯ ಹೊರಗೆ ಬಂದು ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡ. ಬಾಗಿಲು ತೆರೆದಾಗ ಗೋಡೆಗೆ ಸಾಲಾಗಿ ನೇತುಹಾಕಿದ ಮುಖವಾಡಗಳು ಕಂಡವು, ಬಿಳಿ ಪ್ಲಾಸ್ಟಿಕ್ಕಿನ ಜಾಲರಿಯವು, ಒಬ್ಬೊಬ್ಬ ರೋಗಿಯ ಮುಖಕ್ಕೆ ಬಿಸಿಯಾಗಿ ಒತ್ತಿ ಅಚ್ಚು ತೆಗೆದವು. ತಲೆ ಅಲುಗದಂತೆ ಅದರಲ್ಲಿ ಮುಖವಿಟ್ಟು ಬೋರಲು ಮಲಗಬೇಕು. ಅವಳ ಮೂಗು ಅವುಗಳ ನಡುವೆ ಅವನಿಗೆ ತಟ್ಟನೆ ಗುರುತು ಸಿಕ್ಕಿತು. ಒಳಗೆ ಹೋಗುವ ಮುಂಚೆ ಅವಳು ಕತ್ತು ತಿರುಗಿಸಿ ಅವನನ್ನು ನೋಡಿದಳು, ಏನೋ ಹೇಳುತ್ತಾನೆಂದು ಕಾಯುವವಳ ಹಾಗೆ. ಅವನು, “ಹೋಗ್ಬಾ, ಇಲ್ಲೇ ಇರ್ತೀನಿ,” ಎಂದ. ಬಾಗಿಲು ಮುಚ್ಚಿತು.

ಬೆಂಚಿನ ಮೇಲೆ ಪಕ್ಕಕ್ಕೆ ಬಂದು ಕೂತವನು ಬಸ್ಸು ಓಡಿಸಿ ನಿವೃತ್ತನಾದವನು. ಅವನ ತಮ್ಮನಿಗೂ ತಲೆಯಿಂದ ಸೊಂಟದವರೆಗೆ ಇದೇ ಕಿರಣ. ರೂಟು ತಪ್ಪಿದ ಪ್ರಯಾಣಿಕನಿಗೆ ದಾರಿ ಹೇಳುವ ಹಾಗೆ ಎಲ್ಲರಿಗೂ ಎಲ್ಲವನ್ನೂ ತಿಳಿಸಿ ಹೇಳುವ ಚಟ ಅವನಿಗೆ.

“ನಿಮ್ಮ ಮನೆಯವರಿಗೂ ಅಡ್ಡ ಗೆರೆ ಕೆಳಗೆ ಸರಿಸಿದ್ರಾ?” ಎಂದ.

“ಎಂಥ ಸರಿಸೋದು?”

“ಅದೇರೀ, ವಾರಕ್ಕೊಂದ್ಸಲ ಸರಿಸ್ತಾರಲ್ಲ. ಮೇಲಿಂದ ಒಂದು ಕಿರಣ, ಕೆಳಗಿಂದ ಒಂದು. ಎರಡೂ ಕೂಡೋ ಜಾಗ ಅದು. ಕೂಡೋದ್ರಲ್ಲಿ ಒಂದರ ಮೇಲೊಂದು ಬಿತ್ತೂ ಅಂದ್ರೆ ಒಳಗಿನ ನರ ಸುಟ್ಟು ಕಾಲೇ ಹೋಗ್ಬಹುದಂತೆ. ಮಧ್ಯ ಸಂದಿ ಬಿಡ್ತು ಅನ್ನಿ, ಕಾಯಿಲೆ ಅಲ್ಲೇ ಕೂತ್ಕೊಂಡು ಬೆಳೆಯುತ್ತಂತೆ. ಅದಕ್ಕೇ ಒಂದೇ ಜಾಗದಲ್ಲಿ ಕೂಡಿಸಲ್ಲ, ವಾರವಾರಕ್ಕೆ ಸರಿಸ್ತಾರೆ. ಹಳೇ ಗೆರೆ ಮುಟ್ಬೇಡಿ, ಅದರಷ್ಟಕ್ಕೆ ಅಳಿಸಿ ಹೋಗ್ಲಿ ಅಂತ ಮೊನ್ನೆ ಎಲ್ಲರನ್ನೂ ಕರೆದು ಹೇಳಿದ್ರಲ್ಲ. ಒಳಗೆ ನಿಮ್ಮ ಮನೆಯವರಿಗೂ ಹೇಳಿರ್ತಾರೆ. ನೀವು ಆ ಕಿಟಕಿ ಹತ್ರ ಆ ಕಡೆ ತಿರುಗಿ ನಿಂತಿದ್ರಿ.”

ಅವನು ಪೂರ್ತಿ ತಿರುಗಿ ಕೂತ. “ಹಳೇದಂದ್ರೆ... ಮೇಲಿಂದಾ?”

“ಮೇಲಿನ ಮಾಸಿರೋದು. ಯಾಕೆ, ಏನಾದ್ರೂ ಮಾಡಿದ್ರಾ?”

“ಬೆಳಿಗ್ಗೆ ತಿದ್ದಿದೆ,” ಎಂದ.

“ಅಯ್ಯಯ್ಯೋ. ಹೋಗಿ ಹೇಳಿ, ಬೇಗ ಹೇಳಿ. ನಿಲ್ಲಿಸ್ತಾರೆ.”

ಅವನು ಎದ್ದ. ಬಾಗಿಲಿನ ಮೇಲೆ ಕೆಂಪು ದೀಪ ಇನ್ನೂ ಹೊತ್ತಿರಲಿಲ್ಲ. ಮೇಜಿನ ಹೆಂಗಸು ಫೋನು ಕಿವಿಗಿಟ್ಟುಕೊಂಡು ಏನೋ ನಗುತ್ತಿದ್ದಳು. ಅವನು ಮುಂದೆ ನಿಂತ. ಅವಳು ಫೋನಿಗೆ ಕೈ ಅಡ್ಡ ಹಿಡಿದು, “ಏನ್ರೀ ಯಜಮಾನ್ರೇ, ಮತ್ತೆ ಗೆರೆ ಅಳಿಸಿದ್ರಾ?” ಎಂದಳು. ತಮಾಷೆಗೆ ಹೇಳಿದ್ದು. ಬೆಂಚಿನವರು ಒಂದಿಬ್ಬರು ನಕ್ಕರು, ಕೆಟ್ಟದಾಗೇನೂ ಅಲ್ಲ, ಕಾದು ಕಾದು ಬೇಸತ್ತವರು ಏನು ಸಿಕ್ಕರೂ ನಗುವ ಹಾಗೆ. ಅಳಿಸಲಿಲ್ಲ, ಬರೆದೆ ಎನ್ನಬೇಕಾಗಿತ್ತು. ಎರಡೇ ಮಾತು. ಆಮೇಲೆ ಅವಳು ಎದ್ದು ನಿಲ್ಲುತ್ತಾಳೆ, ಕೂಗಾಡುತ್ತಾಳೆ, ನೀವು ಯಾರ್ರೀ ಬರೆಯೋಕೆ ಎನ್ನುತ್ತಾಳೆ, ಡಾಕ್ಟರಿಗೆ ಫೋನು ಹೋಗುತ್ತದೆ. ಲೈನಿಂಗ್ ಎಂದು ಗೌರವದಿಂದ ಮಾತಾಡಿಸಿದ ಡಾಕ್ಟರಮ್ಮ ಬರುತ್ತಾರೆ. ಸಂಜೆಗೆ ಅಕ್ಕನಿಗೆ ಗೊತ್ತಾಗುತ್ತದೆ. ಅಕ್ಕ ಏನೂ ಅನ್ನುವುದಿಲ್ಲ. ಸುಮ್ಮನೆ ತಂಗಿಯ ಬಟ್ಟೆ ಚೀಲಕ್ಕೆ ತುಂಬುತ್ತಾಳೆ. ಇಷ್ಟೂ ಅವನ ಕಣ್ಣ ಮುಂದೆ ಸುತ್ತಿಟ್ಟ ಬಟ್ಟೆ ಬಿಚ್ಚಿದ ಹಾಗೆ ಸರ್ರನೆ ಬಿಚ್ಚಿಕೊಂಡಿತು.

“ಏನಿಲ್ಲಮ್ಮ,” ಎಂದ. “ಕುಡಿಯೋ ನೀರು ಎಲ್ಲಿದೆ?”

“ನೀವು ಕೂತಿದ್ದ ಬೆಂಚಿನ ಪಕ್ಕದಲ್ಲೇ ಇದೆಯಲ್ರೀ,” ಎಂದು ಅವಳು ಫೋನಿಗೆ ಮರಳಿದಳು.

ಅವನು ಹೋಗಿ ನೀರು ಕುಡಿದ. ಕೇಳಿದ ಮೇಲೆ ಕುಡಿಯಲೇಬೇಕಲ್ಲ. ಸ್ಟೀಲಿನ ಲೋಟವನ್ನು ಸರಪಳಿ ಹಾಕಿ ಕಟ್ಟಿದ್ದರು, ಅದು ಬಾಯಿಯವರೆಗೆ ಬರದೆ ಅವನು ಬಗ್ಗಬೇಕಾಯಿತು. ಲೋಟ ಕೆಳಗಿಡುವಾಗ ದೀಪ ಹೊತ್ತಿಕೊಂಡಿತು.

ಬಸ್ಸಿನವನು ಅವನ ಮುಖ ನೋಡಿದ. ಅವನು ಬೆಂಚಿನ ತುದಿಯಲ್ಲಿ ಕೂತು ದೀಪವನ್ನೇ ನೋಡಿದ. ಈಗ ಹೇಳಿದರೂ ಆಗುತ್ತದೆ, ನಿಲ್ಲಿಸುವ ಗುಂಡಿ ಇದ್ದೇ ಇರುತ್ತದೆ. ಇಲ್ಲ, ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಅವರ ಹತ್ತಿರ ಕಂಪ್ಯೂಟರ್ ಇದೆ, ಫೋಟೋ ತೆಗೆಯುತ್ತಾರೆ, ಅವರಿಗೆ ಇಷ್ಟೂ ತಿಳಿಯುವುದಿಲ್ಲವೇ. ತಿಳಿಯುವುದಾದರೆ ಗೆರೆಗಾಗಿ ಮೊನ್ನೆ ಅಷ್ಟು ಹಾರಾಡಿದ್ದೇಕೆ? ಬೆರಳಗಲ ತಾನೆ. ಅಂಗಡಿಯಲ್ಲಿ ಬೆರಳಗಲ ಹೆಚ್ಚುಕಮ್ಮಿಯಾದರೆ ಅವನು ಬಟ್ಟೆಯನ್ನು ಮುಖಕ್ಕೆ ಎಸೆಯುತ್ತಿದ್ದ. ನರ ಸುಟ್ಟು ಕಾಲೇ ಹೋಗಬಹುದಂತೆ. ಅವಳು ಬೆಳಿಗ್ಗೆ ಸ್ನಾನದ ಮನೆಗೆ ಗೋಡೆ ಹಿಡಿದು ತಾನೇ ನಡೆದು ಹೋಗಿದ್ದಳು, ಹೋಗಿ ಬಂದು, “ಇವತ್ತು ಬಿದ್ದಿಲ್ಲ,” ಎಂದಿದ್ದಳು. ಅಷ್ಟು ಸಾಕು ಎಂದಿದ್ದಳು. ಅಷ್ಟನ್ನೂ ತಾನು ಇಲ್ಲಿ ಕೂತುಕೊಂಡೇ ಕಳೆಯುತ್ತಿದ್ದೇನೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಕಾಲು ಏಳಲಿಲ್ಲ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು, ಆದರೆ ಆ ಅಸಹ್ಯವೂ ಅವನನ್ನು ಎಬ್ಬಿಸುವಷ್ಟು ಗಟ್ಟಿ ಇರಲಿಲ್ಲ. ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರವಿತ್ತು. ಅದನ್ನು ಮೇಲಿನಿಂದ ಕೆಳಗೆ ಓದಿದ. ಮತ್ತೆ ಓದಿದ. ದೀಪ ಆರಿತು.

ಉದ್ದನೆಯವನು ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅವಳ ಹಣೆ, ಕೆನ್ನೆಯ ಮೇಲೆಲ್ಲ ಜಾಲರಿಯ ಗುರುತು ಕೆಂಪಗೆ ಮೂಡಿತ್ತು. ಅವನು ಓಡಿಹೋಗಿ ಮೊದಲು ನೋಡಿದ್ದು ಅವಳ ಕಾಲನ್ನು. ಅವು ಚಪ್ಪಲಿಯೊಳಗೆ ಎಂದಿನಂತೆ ಇದ್ದವು.

“ಸಾರ್,” ಎಂದ ಉದ್ದನೆಯವನು, “ಗೆರೆ ಬಹಳ ಚೆನ್ನಾಗಿ ಎಳೆದಿದೀರಿ. ನಮಗೂ ಅಷ್ಟು ನೇರ ಬರಲ್ಲ. ಆದ್ರೆ ಅದು ಹಳೇ ಗೆರೆ. ಮಲಗೋಕೆ ಮುಂಚೆ ಇವರೇ ಹೇಳಿದ್ರು, ಇಲ್ದಿದ್ರೆ ನಾವು ಎರಡನ್ನೂ ನೋಡಿ ತಲೆ ಕೆಡಿಸ್ಕೊಂಡು ಮತ್ತೆ ಫೋಟೋ ತೆಗೀಬೇಕಾಗ್ತಿತ್ತು. ಇನ್ಮೇಲೆ ಪೆನ್ನು ಮುಟ್ಬೇಡಿ.” ಅವನ ಕೈಗೆ ಹತ್ತಿಯುಂಡೆ, ಸ್ಪಿರಿಟ್ಟಿನ ಪುಟ್ಟ ಬಾಟಲಿ ಕೊಟ್ಟ. “ನಿಮ್ಮದನ್ನ ಮಾತ್ರ ಒರೆಸಿ. ನಮ್ಮದು ಬಿಡಿ.”

ಹಾಗಾದರೆ ಏನೂ ಆಗಿಲ್ಲ. ಮೈಯೆಲ್ಲ ಹಗುರಾಗಿ ಅವನಿಗೆ ಅಳು ಬರುವ ಹಾಗಾಯಿತು. ಉದ್ದನೆಯವನ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು. ಅಷ್ಟರಲ್ಲಿ ಬಸ್ಸಿನವನು, ತನಗೂ ಸಮಾಧಾನವಾಗಿ, ಬೆಂಚಿನಿಂದಲೇ ಅವಳಿಗೆ ಹೇಳಿದ: “ಸದ್ಯ, ನೀವೇ ಹೇಳಿದ್ರಲ್ಲಮ್ಮ, ಒಳ್ಳೇದಾಯ್ತು. ನಾನೂ ಇವರಿಗೆ ಆಗ್ಲೇ ತಿಳಿಸಿ ಹೇಳ್ದೆ, ದೀಪ ಹತ್ತೋಕೆ ಮುಂಚೆನೇ. ಎದ್ದು ಹೋದ್ರು, ಹೇಳ್ತಾರೆ ಅನ್ಕೊಂಡೆ. ನೀರು ಕುಡ್ದು ಬಂದ್ರು.” ಅದರಲ್ಲಿ ಕುಹಕವೇನೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದ.

ಅವಳು ಅವನನ್ನು ನೋಡಿದಳು. ಎರಡೆರಡು ಕಾಣುವ ಕಣ್ಣಿನಲ್ಲಿ ಇಬ್ಬರಲ್ಲಿ ಯಾರನ್ನು ನೋಡಬೇಕೆಂದು ಹುಡುಕುವವಳ ಹಾಗೆ ನೋಡಿ, ಒಂದು ಕಣ್ಣು ಮುಚ್ಚಿಕೊಂಡಳು.

ಟ್ಯಾಕ್ಸಿ ಆಸ್ಪತ್ರೆಯ ಗೇಟು ದಾಟಿತು. ತಪ್ಪಾಯಿತು ಎನ್ನಲು ಅವನು ಬಾಯಿ ತೆರೆದ. ಬಾಯಿಂದ ಬಂದದ್ದು ಬೇರೆ. “ಬೆಳಿಗ್ಗೇನೇ ನೀನು ಬಿಡಿಸಿ ಹೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.”

“ಕೇಳ್ತೀರೇನೋ ಅಂತ ಕಾದೆ.”

“ಇಂಥದ್ರಲ್ಲೆಲ್ಲ ಕಾಯ್ತಾರಾ?”

“ಅಭ್ಯಾಸ ಆಗಿದೆ,” ಎಂದಳು. ಸಿಟ್ಟಿನಿಂದಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಿತು, ಮತ್ತೆ ಹೊರಟಿತು. “ಬ್ಲೌಸು ತಂದಾಗ್ಲೂ ಹಾಗೇ ಕಾದಿದ್ದೆ. ಕೈಗೆ ಗಂಟು ಸಿಕ್ಕಿ ಆಗ್ಲೇ ಎಷ್ಟೋ ದಿನ ಆಗಿತ್ತು. ಬಾಯಿಬಿಟ್ಟು ಹೇಳೋಕೆ ಭಯ. ಬಟ್ಟೆ ನೋಡಿದ್ರೆ ಇವರಿಗೆ ತಿಳಿಯುತ್ತೆ, ಏನೇ ಇದು ಅಂತ ಕೇಳ್ತಾರೆ ಅನ್ಕೊಂಡೆ. ಅಷ್ಟು ದೂ‍ರ ನಡ್ಕೊಂಡು ಬಂದಿದ್ದೆ.”

“ಯಾವ ಬ್ಲೌಸು?” ಎಂದ ಅವನು.

ಅವಳು ಸ್ವಲ್ಪ ನಕ್ಕಳು. ಆಮೇಲೆ ಚೀಲದಿಂದ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಹುಡುಕಿ ಒತ್ತಿದಳು. “ಅಕ್ಕ, ನಾಳೆಯಿಂದ ನೀನು ಬರ್ತೀಯಾ ಆಸ್ಪತ್ರೆಗೆ? ಹೂಂ. ಇಲ್ಲ ಇಲ್ಲ, ಜಗಳ ಏನಿಲ್ಲ. ಇವರಿಗೆ ಅಂಗಡಿ ಇದೆಯಲ್ಲ, ಎಷ್ಟು ದಿನ ಅಂತ ಮುಚ್ಚಿರ್ತಾರೆ. ಹೂಂ, ನಿನ್ನ ಮನೇಲೇ ಇರ್ತೀನಿ. ಕರ್ಕೊಂಡು ಹೋಗೋಕೆ ಸಂಜೆ ಬಾ.” ಫೋನು ಚೀಲಕ್ಕೆ ಹಾಕಿ, ಸೀಟಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಮನೆಯ ತಿರುವು ಬಂದಾಗ, “ಅಕ್ಕ ಬರೋದ್ರೊಳಗೆ ಆ ಗೆರೆ ಒರೆಸ್ಬಿಡಿ. ಅವಳ ಕಣ್ಣಿಗೆ ಬೀಳೋದು ಬೇಡ,” ಎಂದಳು. ಅವನ ಮರ್ಯಾದೆಯನ್ನು ಅವಳು ಈಗಲೂ ಮಡಿಸಿ ಒಳಗಿಡುತ್ತಿದ್ದಳು.

ಮತ್ತೆ ಅದೇ ಸ್ಟೂಲು, ಅದೇ ಕಂಬಿ. ಬಿಸಿಲು ಕಿಟಕಿ ದಾಟಿ ಹೋಗಿತ್ತು. ಹಿಂದಿನ ಗುಂಡಿ ಬಿಚ್ಚಿ ನೋಡಿದರೆ ಅವನ ನೇರ ಗೆರೆಯ ಮೇಲೆ ಅಡ್ಡಡ್ಡ ಎರಡು ಸಣ್ಣ ಗೀಟು ಬಿದ್ದಿದ್ದವು, ನೇರಳೆ ಬಣ್ಣದವು. ಅವನು ಕೈಯಲ್ಲಿ ಹತ್ತಿ ಹಿಡಿದು ನಿಂತೇ ಇದ್ದ.

“ನಾನೇ ಹಾಕಿಸ್ದೆ,” ಎಂದಳು ಅವಳು, ಅವನ ಕೈ ತಡವಾದದ್ದು ತಿಳಿದು. “ಬೇಡ ಅಂತ ಬೇರೆ ಹೇಗೆ ಹೇಳಿದ್ರೂ ನಿಮಗೆ ಅರ್ಥ ಆಗಲ್ಲ.”

ಸ್ಪಿರಿಟ್ಟಿಗೆ ಗೀಟುಗಳು ಕೂಡಲೇ ಹೋದವು. ಅವನ ಗೆರೆ ಹೋಗಲಿಲ್ಲ. ಒಗೆದರೂ ಹೋಗದ್ದು. ಅವನು ಉಜ್ಜಿದ, ಮತ್ತೆ ಅದ್ದಿ ಉಜ್ಜಿದ. ಚರ್ಮ ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು, ಒಂದು ಕಡೆ ಕಿತ್ತು ನೀರಾಡಿತು. ಗೆರೆ ಇನ್ನೂ ಇತ್ತು. ಅಕ್ಕ ಬರುವಷ್ಟರಲ್ಲಿ ಹೋಗಬೇಕು. ಅವಳು ಕಂಬಿ ಹಿಡಿದುಕೊಂಡು ಅಲ್ಲಾಡದೆ ಕೂತಿದ್ದಳು, ಒಮ್ಮೆಯೂ ಹಾ ಎನ್ನಲಿಲ್ಲ. ಕಿತ್ತ ಜಾಗಕ್ಕೆ ಸ್ಪಿರಿಟ್ಟು ತಾಗಿದಾಗಲೂ ಬೆನ್ನು ಅಲುಗಲಿಲ್ಲ. ಅವನ ಕೈ ನಿಂತಿತು. ಏನನ್ನೋ ಕೇಳಬೇಕಿತ್ತು. ಅದು ಏನೆಂದು ಹುಡುಕುವುದೇ ಅವನಿಗೆ ಕಷ್ಟವಾಯಿತು.

“ನೋಯ್ತಾ ಇದ್ಯಾ?” ಎಂದ.

ಅವಳು ಕತ್ತನ್ನು ಸ್ವಲ್ಪ ತಿರುಗಿಸಿದಳು.

“ಇನ್ನೂ ಒರೆಸ್ತಿದೀರಾ?” ಎಂದಳು. “ನಾನು ಆಯ್ತು ಅನ್ಕೊಂಡಿದ್ದೆ. ಅಲ್ಲೆಲ್ಲ ನನಗೆ ಏನೂ ಗೊತ್ತಾಗಲ್ಲ. ಬೆಳಿಗ್ಗೆ ಪೆನ್ನಿಟ್ಟಿದ್ದೂ ಗೊತ್ತಾಗ್ಲಿಲ್ಲ. ಆಗ್ಲೇ ಕೆಲವು ದಿನ ಆಯ್ತು. ಡಾಕ್ಟರಿಗೆ ಹೇಳಿದೀನಿ.”

ಹೊರಗೆ ಕಾರೊಂದು ನಿಂತ ಸದ್ದಾಯಿತು, ಅಕ್ಕನದೋ ಬೇರೆಯವರದೋ. ಅವನು ಹತ್ತಿಯನ್ನು ಬಾಟಲಿಯ ಬಾಯಿಗಿಟ್ಟು ಬಗ್ಗಿಸಿದ, ಮತ್ತೆ ಒರೆಸತೊಡಗಿದ.